ನಾಗೌರಿನ ಮೇಥಿ, ನಮ್ಮ ಮನೆಯ ಕುಂಡ

ಅಜ್ಮೀರಿಗೆ ಹೋದವರು ಅಲ್ಲಿಂದ ವಾಯವ್ಯಕ್ಕೆ ಸುಮಾರು 160 ಕಿ.ಮೀ. ಸಾಗಿದರೆ ನಾಗೌರ್ ಸಿಗುತ್ತದೆ. ಮರಳುನಾಡಿನ ಅಂಚಿನ ಒಣ ಊರು. ಆದರೆ ಚಳಿಗಾಲದಲ್ಲಿ ಸುತ್ತಲ ಹೊಲಗಳೆಲ್ಲ ಹಸಿರು. ಅಂಗಳಗಳಲ್ಲಿ ಒಣಹಾಕಿದ ಸೊಪ್ಪಿನ ಘಮ. ನಿಮ್ಮ ಅಡುಗೆಮನೆಯಲ್ಲಿರುವ ಕಸೂರಿ ಮೇಥಿಯೂ ಇಲ್ಲಿಯದೇ ಇರಬಹುದು. ಹೆಸರು ಈಗ ಪಾಕಿಸ್ತಾನದಲ್ಲಿರುವ ಕಸೂರ್ ಪಟ್ಟಣದ್ದು; ಭಾರತದಲ್ಲಿ ಅದರ ದೊಡ್ಡ ಬೆಳೆ ನಾಗೌರಿನದು.

ಇದೇ ಊರಿನಲ್ಲಿ 13ನೇ ಶತಮಾನದಲ್ಲಿ ಸೂಫಿ ಹಮೀದುದ್ದೀನ್ ನಾಗೌರಿ (ರ) ಬಾಳಿದರು. ಅಜ್ಮೀರಿನ ಖ್ವಾಜಾ ಮುಈನುದ್ದೀನ್ ಚಿಶ್ತಿಯವರ (ರ) ಶಿಷ್ಯರು. ಅವರಿಗಿದ್ದುದು ಒಂದೇ ಬಿಘಾ ಭೂಮಿ. ಒಮ್ಮೆ ಅರ್ಧ, ಮತ್ತೊಮ್ಮೆ ಉಳಿದರ್ಧ ಉತ್ತು ಬಿತ್ತುತ್ತಿದ್ದರು. ಮಾಂಸ ಮುಟ್ಟುತ್ತಿರಲಿಲ್ಲ. ಸುಲ್ತಾನನ ಕಡೆಯಿಂದ ಹಣ, ಜಮೀನು ಬಂದಾಗ ಪತ್ನಿಯನ್ನು ಕೇಳಿದರಂತೆ. ತಾನು ನೂತ ನೂಲೇ ಇಬ್ಬರ ಬಟ್ಟೆಗೂ ಸಾಕೆಂದು ಆಕೆ ಹೇಳಿದರು. ಕೊಡುಗೆ ಹಿಂದಿರುಗಿತು.

ಭೂಮಿಗೂ ವಿಶ್ರಾಂತಿ ಬೇಕು, ಆಹಾರ ಬೇಕು. ಮೆಂತ್ಯ ಆ ಕೆಲಸಕ್ಕೆ ಒದಗುವ ಗಿಡ. ಹೆಸರು, ಉದ್ದು, ಕಡಲೆಗಳ ಬಳಗಕ್ಕೇ ಸೇರಿದ್ದು. ಅದರ ಬೇರಿನ ಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿ ಕೊಡುತ್ತವೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅವು ದುಡಿಯುತ್ತಿವೆ ಎಂದು ತಿಳಿಯಿರಿ. ಯೂರಿಯಾ ಸುರಿದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ.

ನೀವೂ ಎರಡು ಕುಂಡ ಇಡಿ. ರಾತ್ರಿ ನೆನೆಸಿದ ಕಾಳನ್ನು ಒಂದರಲ್ಲಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿ. ನೀರು ನಿಲ್ಲಬಾರದು. ತಿಂಗಳೊಳಗೆ ಸೊಪ್ಪು ಸಿದ್ಧ. ಬೇರುಸಹಿತ ಕೀಳಬೇಡಿ, ಎರಡು ಅಂಗುಲ ಬಿಟ್ಟು ಕತ್ತರಿಸಿ. ಮತ್ತೆ ಚಿಗುರುತ್ತದೆ. ಎರಡು ಮೂರು ಕೊಯ್ಲಾದ ಮೇಲೆ ಬೇರು, ಬುಡ, ಬಲಿತ ಎಲೆ ಎಲ್ಲವನ್ನೂ ಅದೇ ಮಣ್ಣಿಗೆ ಕಲಸಿ. ಸಾರಜನಕದ ಹೆಚ್ಚಿನ ಪಾಲು ಸೊಪ್ಪಿನೊಂದಿಗೆ ಅಡುಗೆಮನೆಗೆ ಹೋಗಿರುತ್ತದೆ, ನಿಜ. ಆದ್ದರಿಂದಲೇ ಉಳಿದದ್ದನ್ನಾದರೂ ಕಸದಬುಟ್ಟಿಗೆ ಹಾಕಬಾರದು. ಜೊತೆಗೆ ಒಂದು ಹಿಡಿ ಕಾಂಪೋಸ್ಟ್ ಸೇರಿಸಿ.

ಎಳೆ ಸೊಪ್ಪು ಪಲ್ಯಕ್ಕೆ, ಮೆಂತ್ಯ ಬಾತಿಗೆ, ದಖನಿ ಮನೆಗಳ ಮೇಥಿ ಗೋಷ್ತಿಗೆ. ಹೆಚ್ಚಾದರೆ ನೆರಳಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಸಾರು ಇಳಿಸುವ ಹೊತ್ತಿಗೆ ಅಂಗೈಯಲ್ಲಿ ಉಜ್ಜಿ ಹಾಕಿ.

ಮುಂದಿನ ಸಲ ಮೆಂತ್ಯವನ್ನು ಇನ್ನೊಂದು ಕುಂಡಕ್ಕೆ ಬಿತ್ತಿ. ಮೊದಲ ಕುಂಡದಲ್ಲಿ ಪಾಲಕವೋ ಟೊಮೆಟೊವೋ ಬೆಳೆಯಲಿ. ಪಡೆದದ್ದರಲ್ಲಿ ಒಂದಿಷ್ಟನ್ನು ಮಣ್ಣಿಗೆ ಹಿಂದಿರುಗಿಸುವುದನ್ನು ಮಕ್ಕಳೂ ನೋಡಿ ಕಲಿಯಲಿ.