ಗಾಲಿಯ ಮೇಲಿನ ಮನೆ

ಜಮಖಂಡಿ, ಮುಧೋಳಗಳು 1948ರವರೆಗೆ ಬೇರೆ ಬೇರೆ ಸಂಸ್ಥಾನಗಳಾಗಿದ್ದರೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆವ ಭಕ್ತಿ ಎರಡಕ್ಕೂ ಒಂದೇ. ಭಾರತ ಹುಣ್ಣಿವೆಯ ಹೊತ್ತಿಗೆ ನಾವು ಮುಧೋಳದಿಂದ ಹೊರಟಾಗ ಕಬ್ಬಿನ ಹೊಲಗಳ ನಡುವೆ ಜಾತ್ರೆಯ ಬಂಡಿಗಳು ಸಾಲುಗೊಂಡಿದ್ದವು. ಹೆಚ್ಚಿನವು ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್ ಟ್ರಾಲಿಗಳು. ಕೊಲ್ಲಾರಿ ಬಂಡಿಗಳು ಕೆಲವೇ. ಬಿದಿರ ದಬ್ಬೆಗಳನ್ನು ಕಮಾನಾಗಿ ಬಗ್ಗಿಸಿ ಬಿಗಿದು, ಮೇಲೆ ಬಟ್ಟೆ ಹೊದಿಸಿದರೆ ಕೊಲ್ಲಾರಿಯಾಯಿತು. ಒಳಗೆ ಹುಲ್ಲಿನ ಮೆತ್ತೆ, ಮೂಲೆಯಲ್ಲಿ ರೊಟ್ಟಿಯ ಬುತ್ತಿ. ಎತ್ತುಗಳಿಗೆ ಭಾರವಾಗಬಾರದು, ಮಕ್ಕಳಿಗೆ ಬಿಸಿಲು ತಾಗಬಾರದು. ಇಷ್ಟೇ ಅದರ ಲೆಕ್ಕ.

ಮೋಟಾರು ವ್ಯಾನನ್ನೇ ಮನೆಯಾಗಿಸಿಕೊಳ್ಳುವ ಪರದೇಶದವರ ಲೆಕ್ಕವೂ ಇದೇ. ಅವರಲ್ಲಿ ಕೆಲವರು ಫೈಬರ್‌ಗ್ಲಾಸಿನ ಹೊದಿಕೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವರು. ಅಚ್ಚಿಗೆ ಮೇಣ ಸವರಿ, ಗಾಜಿನ ಎಳೆಗಳ ಬಟ್ಟೆಯನ್ನು ಪದರು ಪದರಾಗಿ ಹಾಸುತ್ತ ರಾಳ ಕುಡಿಸಿ, ಗಟ್ಟಿಯಾದ ಮೇಲೆ ಕಳಚುವರು. ಬಲವೆಲ್ಲ ಎಳೆಯದು, ರಾಳವು ಅದನ್ನು ಹಿಡಿದಿಡುವದಷ್ಟೆ. ಹಾಸುನೂಲಿಗೆ ಗಂಜಿ ಹಾಕುವ ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಉಜ್ಜುವಾಗ ಏಳುವ ಧೂಳು ಉಸಿರಿಗೆ ಕೇಡು. ಮಕ್ಕಳಾಡುವ ಅಂಗಳದಲ್ಲಿ ಈ ಉದ್ಯೋಗ ಬೇಡವೆಂದು ಗೃಹಸ್ಥರಿಗೆ ಹೇಳುವೆವು.

ಲೋಕಾಪುರದ ಹತ್ತಿರ, ಬೀಳಗಿಯ ಕಡೆಯಿಂದ ಬಂದ ಕೊಲ್ಲಾರಿಯೊಂದರ ದಬ್ಬೆ ಮುರಿದಿತ್ತು. ಮನೆಯ ಹಿರಿಯರು ಬಿದಿರು ಸೀಳಿ ಬಗ್ಗಿಸಿ ಕಟ್ಟಿದರು. ಎತ್ತುಗಳು ಮೇವು ಮುಗಿಸುವದರೊಳಗೆ ಬಂಡಿಯು ಹೊರಡಲು ಸಿದ್ಧವಾಗಿತ್ತು.