ಯಾಂಗ್‌ಡೊಂಗ್ ಎಂಬ ಗುಡ್ಡದ ಊರು

ದಕ್ಷಿಣ ಕೊರಿಯಾದ ಗ್ಯೊಂಗ್ಜು ನಗರವು ಒಂದು ಕಾಲದಲ್ಲಿ ಸಿಲ್ಲಾ ಅರಸರ ರಾಜಧಾನಿ. ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿನ ಅರಸರ ಸಮಾಧಿ ದಿಬ್ಬಗಳನ್ನೂ ಬುಲ್ಗುಕ್ಸಾ ಬೌದ್ಧ ದೇವಾಲಯವನ್ನೂ ಕಂಡು ಹಿಂತಿರುಗುತ್ತಾರೆ. ನಗರದ ಉತ್ತರಕ್ಕೆ ಯಾಂಗ್‌ಡೊಂಗ್ ಎಂಬ ಹಳ್ಳಿಯಿದೆ. ಐದು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಸೋನ್ ಮತ್ತು ಯಿ ಎಂಬ ಎರಡು ಮನೆತನಗಳು ಅಲ್ಲಿ ಬಾಳಿಕೊಂಡು ಬಂದಿವೆ. 2010ರಲ್ಲಿ ಹಾಹ್ವೆ ಎಂಬ ಇನ್ನೊಂದು ಹಳ್ಳಿಯೊಡನೆ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಳಿಯಂದಿರಿಗೆ ರಜೆಯಿದ್ದ ಒಂದು ದಿನ ಮಗಳು ಅಳಿಯಂದಿರೊಡನೆ ನಾವು ದಂಪತಿಗಳು ಉಲ್ಸಾನ್‌ನಿಂದ ಅಲ್ಲಿಗೆ ಹೊರಟೆವು. ಮಗಳಿಗೆ ಏಳು ತಿಂಗಳು ತುಂಬಿತ್ತು. ಕುಬಸದ ಸೀರೆಯೊಡನೆ ಬಂದಿದ್ದ ನಮಗೆ ಊರಿನಿಂದ ಅವ್ವನವರು ಒಂದೇ ಅಪ್ಪಣೆ ಕೊಟ್ಟಿದ್ದರು: ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗತಕ್ಕದ್ದು, ಮಗಳನ್ನು ಕರೆದುಕೊಂಡೇ ಬರಬೇಕು. ಈ ಸ್ಥಿತಿಯಲ್ಲಿ ದೂರದ ವಿಮಾನಯಾನ ಬೇಡವೆಂಬುದು ಮಗಳ ಅಭಿಪ್ರಾಯ. ಒಂದು ವಾರದಿಂದ ಮನೆಯಲ್ಲಿ ಇದೇ ಮಾತು ನಡೆದಿತ್ತು.

ಊರಿನ ರಚನೆಯೇ ಒಂದು ಪಾಠದಂತಿದೆ. ಬೆಟ್ಟದಿಂದ ಇಳಿದು ಬಂದ ದಿಣ್ಣೆಗಳ ಮೇಲ್ಭಾಗದಲ್ಲಿ ಯಾಂಗ್‌ಬಾನ್ ಎಂಬ ಕುಲೀನ ವರ್ಗದವರ ಹೆಂಚಿನ ಮನೆಗಳು. ಕೆಳಗಡೆ ಅವರನ್ನು ಆಶ್ರಯಿಸಿ ದುಡಿದವರ ಹುಲ್ಲು ಹೊದಿಸಿದ ಮನೆಗಳು. ಯಾರು ಮೇಲು, ಯಾರು ಕೀಳು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ನೋಡಲು ಬಹು ಸೊಗಸಾದ ಈ ನೋಟದ ಹಿಂದೆ ಎಷ್ಟು ಜನರ ಬೆವರು ಇದೆಯೋ ಎಂದು ಒಂದು ಕ್ಷಣ ಮನಸ್ಸು ಮಂಕಾಯಿತು.

ಹ್ಯಾಂಗ್‌ದಾನ್ ಎಂಬ ದೊಡ್ಡ ಮನೆಯು 1540ರ ದಶಕದ್ದು. ಯಿ ಒನ್‌ಜೊಕ್ (1491–1553) ಎಂಬ ಕನ್‌ಫ್ಯೂಷಿಯಸ್ ಮತದ ಪ್ರಖ್ಯಾತ ವಿದ್ವಾಂಸರು ಪ್ರಾಂತಾಧಿಕಾರಿಯಾಗಿದ್ದಾಗ, ಕಾಯಿಲೆಯಲ್ಲಿದ್ದ ತಾಯಿಯ ಸೇವೆಗೆ ಅನುಕೂಲವಾಗಲೆಂದು ಜುಂಗ್‌ಜೊಂಗ್ ಅರಸನು ಇದನ್ನು ಕಟ್ಟಿಸಿಕೊಟ್ಟನಂತೆ. ಕೊರಿಯನ್ನರು ಮನೆಯನ್ನು ಕಂಬದಿಂದ ಕಂಬಕ್ಕಿರುವ ಅಂತರದಿಂದ ಎಣಿಸುತ್ತಾರೆ. ನಮ್ಮ ಕಡೆ ಅಂಕಣ ಎನ್ನುವಂತೆಯೇ. ಇಷ್ಟು ದೂರದ ನಾಡಿನಲ್ಲಿ ನಮ್ಮ ಹಿರಿಯರ ಲೆಕ್ಕವನ್ನೇ ಕಂಡು ಹಿಗ್ಗಿದೆವು.

ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಸೋನ್ ಮನೆತನದ ಮೂಲ ಮನೆಯಾದ ಸೊಬೆಕ್‌ದಾಂಗ್. ‘ತಾಳ್ಮೆ’ ಎಂಬ ಅಕ್ಷರವನ್ನು ನೂರು ಸಲ ಬರೆಯುವ ಮನೆ ಎಂದು ಆ ಹೆಸರನ್ನು ಅರ್ಥೈಸುತ್ತಾರೆ. ಹದಿನೈದನೆಯ ಶತಮಾನದಲ್ಲಿ ಸೋನ್ ಸೋ ಎಂಬವರು ಇದನ್ನು ಕಟ್ಟಿಸಿದರು. ಅಂಗಳದಲ್ಲಿ ಮೈ ತಿರುಚಿಕೊಂಡ ಹಳೆಯ ಜುನಿಪರ್ ಮರವೊಂದಿದೆ. ಈ ಮನೆಯಲ್ಲಿ ಮೂವರು ಮಹಾಪುರುಷರು ಹುಟ್ಟುವರೆಂದು ಭವಿಷ್ಯ ನುಡಿಯಲಾಗಿತ್ತೆಂಬುದು ಐತಿಹ್ಯ. ಮೊದಲನೆಯವರು ಮನೆಯ ಮಗ ಸೋನ್ ಜುಂಗ್‌ದೋನ್. ಎರಡನೆಯವರು ಮೇಲೆ ಹೇಳಿದ ಯಿ ಒನ್‌ಜೊಕ್, ಅಂದರೆ ಮಗಳ ಮಗ. ಮನೆಯ ಪುಣ್ಯ ಬೇರೆ ಮನೆತನಕ್ಕೆ ಹೋಯಿತಲ್ಲಾ ಎಂದು, ಅಂದಿನಿಂದ ಕೊಟ್ಟ ಹೆಣ್ಣುಮಕ್ಕಳಿಗೆ ಇಲ್ಲಿ ಹೆರಿಗೆಯಾಗಲು ಬಿಡಲಿಲ್ಲವಂತೆ. ಮೂರನೆಯವನಿಗಾಗಿ ಈಗಲೂ ಕಾಯುತ್ತಿದ್ದಾರೆಂದು ಹೇಳುತ್ತಾರೆ.

ಅಳಿಯಂದಿರು ಇದನ್ನು ವಿವರಿಸುತ್ತಿದ್ದಾಗ ಮಗಳು ಮೆಟ್ಟಿಲ ಬಳಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಳು. “ಇವರು ಬರಬೇಡ ಅಂದರು, ನೀವು ಬಂದೇ ತೀರಬೇಕು ಅಂತೀರಿ. ಹೆರುವವಳನ್ನು ಇಬ್ಬರೂ ಕೇಳಲಿಲ್ಲ” ಎಂದು ನಕ್ಕಳು. ನಕ್ಕೇ ಹೇಳಿದರೂ ಮಾತು ನಮಗೆ ನಾಟಿತು. ತವರಿನ ಬಾಗಿಲು ಮುಚ್ಚಿಸಿಕೊಂಡ ಆ ಹೆಣ್ಣುಮಕ್ಕಳು ಎಷ್ಟು ನೊಂದಿರಬಹುದು! ತವರು ಎಂದರೆ ಗೋಡೆ ಮಾಡಗಳೋ, ಹೆತ್ತವರೋ? ಇಳಿಯುವ ದಾರಿಯಲ್ಲಿ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಕೆಳಗಿನ ಹುಲ್ಲುಮನೆಯೊಂದರ ಬಳಿ ಒಲೆಯ ಬಾಯಿ ಕಾಣಿಸಿತು. ಅಲ್ಲಿ ಹೊತ್ತಿಸಿದ ಬೆಂಕಿಯ ಬಿಸಿಹೊಗೆ ಕೋಣೆಯ ನೆಲಗಲ್ಲುಗಳ ಅಡಿಯಲ್ಲಿ ಹಾಯ್ದು ಆಚೆಯ ಹೊಗೆಗೂಡಿನಿಂದ ಹೊರಬೀಳುತ್ತದೆ. ಇದಕ್ಕೆ ಒಂದೊಲ್ ಎನ್ನುತ್ತಾರೆ. ಇಂದಿನ ಬಹುಮಹಡಿ ಮನೆಗಳಲ್ಲಿಯೂ ನೆಲದಡಿ ಬಿಸಿನೀರಿನ ಕೊಳವೆಗಳಿಂದ ಇದೇ ಏರ್ಪಾಡು. ಮಗಳ ಮನೆಯಲ್ಲಿಯೂ ಇದೆ.

ಅಂದು ರಾತ್ರಿಯೇ ಅವ್ವನವರಿಗೆ ಫೋನ್ ಮಾಡಿ, ಹೆರಿಗೆ ಇಲ್ಲಿಯೇ ಆಗಲಿ, ಬಾಣಂತನ ಮುಗಿಸಿಯೇ ಬರುತ್ತೇವೆಂದು ತಿಳಿಸಿದೆವು. ಬಹಳ ಹೊತ್ತು ಅವರು ಮಾತನಾಡಲಿಲ್ಲ. ಬೆಚ್ಚನೆಯ ನೆಲದ ಸಂಗತಿಯನ್ನು ಹೇಳಿದ ಮೇಲೆ, “ನೆಲಾನೇ ಬಿಸಿ ಇರತೈತೇನು? ಹಂಗಾದ್ರ ಬಾಣಂತಿಗೆ ಛಲೋ ಆತು” ಎಂದರು. ಆಮೇಲೆ ಅಂಟು, ಕೊಬ್ಬರಿ, ಬೆಲ್ಲ ಅಲ್ಲಿ ಸಿಗುವುದೋ ಇಲ್ಲವೋ ಎಂಬ ವಿಚಾರಣೆ ಶುರುವಾಯಿತು.