ಚಾಳಿನ ಮಕ್ಕಳ ಕಾಲೇಜು

ಧಾರವಾಡದಲ್ಲಿ ಕಾಲೇಜು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು 1917ರಲ್ಲಿ ಶುರುವಾಗಿ, ಆಮೇಲೆ ರೇಲ್ವೆಯವರು ಬಿಟ್ಟುಹೋದ ಹಳೆ ಕಚೇರಿಯಲ್ಲಿ ನೆಲೆಯೂರಿದ ಕರ್ನಾಟಕ ಕಾಲೇಜು, ಇಲ್ಲವೇ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ವಿಶ್ವವಿದ್ಯಾಲಯ. ನಮ್ಮದು ಅಷ್ಟು ದೊಡ್ಡ ಹೆಸರಿನದಲ್ಲ. ಹುಣಸೆಮರಗಳ ನಡುವೆ ಒಂದು ಕಾಲೇಜು, ಅದರ ಬೆನ್ನಿಗೆ ಹಂಚಿನ ಚಾಳ, ಆ ಚಾಳಿನಲ್ಲಿ ಜವಾನರ, ಮಾಲಿಯ, ಪಂಪಿನವರ, ಲ್ಯಾಬ್ ಹಮಾಲರ, ರಾತ್ರಿ ಕಾವಲಿನವರ ಮಕ್ಕಳಾದ ನಾವು. ಕಲಿಯುವವರು ಹನ್ನೊಂದಕ್ಕೆ ಬಂದು ಐದಕ್ಕೆ ಹೋಗುತ್ತಿದ್ದರು. ಅದರ ಹಿಂದಿನ, ಮುಂದಿನ ತಾಸುಗಳ ಕಾಲೇಜೆಲ್ಲ ನಮ್ಮದೇ.

ಎಪ್ಪತ್ತರ ದಶಕದ ಆ ಮುಂಜಾನೆಗಳಲ್ಲಿ ಕೋಳಿಗಿಂತ ಮೊದಲು ಕೂಗುತ್ತಿದ್ದುದು ಬಾವಿಕಟ್ಟೆಯ ಪಂಪು. ಮೇಲಿನ ಟಾಕಿ ತುಂಬಿತೋ ಇಲ್ಲವೋ ನೋಡಲು ಯಾರೂ ಏಣಿ ಹತ್ತುತ್ತಿರಲಿಲ್ಲ, ಹೊರಚೆಲ್ಲುವ ಪೈಪಿನ ಕೆಳಗೆ ಒಂದು ತಗಡು ಹಾಸಿತ್ತು, ಅದರ ಮೇಲೆ ನೀರು ಬಡಿದ ಸಪ್ಪಳ ಕೇಳಿದ್ದೇ ತಡ, ಹಾಸಿಗೆಯಲ್ಲಿದ್ದವರು, ಹಲ್ಲು ತಿಕ್ಕುತ್ತಿದ್ದವರು, ಚಹಾದ ಬಟ್ಟಲು ಹಿಡಿದವರು ಎಲ್ಲರೂ "ತುಂಬಿತ್ರೀ ಕಾಕಾ!" ಎಂದು ಒಂದೇ ದನಿಯಲ್ಲಿ ಒದರುತ್ತಿದ್ದೆವು, ಕಾಕಾ ಸ್ವಿಚ್ಚಿನ ಹಿಡಿಕೆ ಕೆಳಗೆಳೆಯುತ್ತಿದ್ದರು. ಬ್ಯಾಸಗಿಯಲ್ಲಿ ಬಾವಿಯ ನೀರು ತಳ ಕಂಡಾಗ ಕಾಲೇಜಿನ ನಳಗಳಿಗೆ ಒಂದು ಪಾಳಿ, ಹಾಸ್ಟೆಲಿಗೆ ಒಂದು ಪಾಳಿ, ಮಾಲಿ ಅಜ್ಜನ ಗುಲಾಬಿಗೆ ಒಂದು ಪಾಳಿ, ಎಲ್ಲ ಮುಗಿದ ಮೇಲೆ ಉಳಿದರೆ ಚಾಳಿಗೆ. ಅವ್ವಂದಿರು ಕೊಡ ಹಿಡಿದು ಸಾಲಿನಲ್ಲಿ ನಿಂತು ಬೈಯುತ್ತಿದ್ದುದು ಮಳೆರಾಯನನ್ನು, ಕಾಕಾನನ್ನಲ್ಲ.

ನಮ್ಮಪ್ಪ ಹೆಡ್ ಜವಾನ. ಅವನ ಸೊಂಟದ ಚಾವಿಗೊಂಚಲಿನಲ್ಲಿ ಒಂದೊಂದು ಚಾವಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ, ಆದರೆ ಕರೆಂಟು ಹೋದ ರಾತ್ರಿ ಬಿಲ್ಲೆ ನೋಡುವ ಕೆಲಸವೇ ಇರಲಿಲ್ಲ, ಹಲ್ಲು ಸವರಿಯೇ ಇದು ಭೂಗೋಲದ್ದು, ಇದು ಲೈಬ್ರರಿಯದ್ದು ಎಂದು ಹೇಳಿಬಿಡುತ್ತಿದ್ದ. ಅವನು ಬಾಗಿಲು ತೆರೆಯುತ್ತ ಹೋದಂತೆ ಹಿಂದಿನಿಂದ ಕಿಟಕಿ ಬಡಿದು ತೆರೆಯುವುದು, ಡಸ್ಟರುಗಳನ್ನು ಹೊರಗಿನ ಕಟ್ಟಿಗೆ ಕುಟ್ಟಿ ಝಾಡಿಸುವುದು, ಮಸಿಬಾಟಲಿ ಒರೆಸಿಡುವುದು ನಮ್ಮ ಪಾಲಿನ ಕೆಲಸ. ಮಾರಿ ತುಂಬ ಸುಣ್ಣದಕಡ್ಡಿಯ ಧೂಳು ಮೆತ್ತಿಕೊಂಡು, ಕಿಸೆಯಲ್ಲಿ ತುಂಡು ಖಡು ತುರುಕಿಕೊಂಡು, ನೀರು ಚಿಮುಕಿಸಿ ಬಾರಿಗಿ ಎಳೆದ ಪಡಸಾಲೆಯ ಹಸಿ ಮಣ್ಣಿನ ವಾಸನೆಯನ್ನು ಮೂಗಿನಲ್ಲಿಟ್ಟುಕೊಂಡೇ ನಾವು ನಮ್ಮ ಸಾಲಿಗೆ ಓಡುತ್ತಿದ್ದೆವು. ತಾಸಿಗೊಮ್ಮೆ ಅಪ್ಪ ಹುಣಸೆಮರಕ್ಕೆ ತೂಗುಹಾಕಿದ ರೇಲ್ವೆ ಹಳಿಯ ತುಂಡಿಗೆ ಬಡಿಯುತ್ತಿದ್ದುದು ಸುತ್ತಲಿನ ಓಣಿಗಳಿಗೆಲ್ಲ ಗಡಿಯಾರ. ಮೂರನೇ ಗಂಟೆಗೆ ಬ್ಯಾಳಿ ಇಡುವುದು, ಊಟದ ಬಿಡುವಿನ ಗಂಟೆಗೆ ರೊಟ್ಟಿ ಬಡಿಯುವುದು ಎಂದು ಹೆಣ್ಣುಮಕ್ಕಳು ಲೆಕ್ಕ ಇಟ್ಟಿದ್ದರು.

ನಮಗೆ ಎಲ್ಲಕ್ಕಿಂತ ದೊಡ್ಡ ಮೋಜು ಎಂದರೆ ಕೆಮಿಸ್ಟ್ರಿ ಲ್ಯಾಬಿನ ಹಿಂದಿನ ಗ್ಯಾಸ್ ಪ್ಲ್ಯಾಂಟು. ಸಿಲಿಂಡರು ನಮ್ಮ ಕಾಲೇಜಿಗೆ ಇನ್ನೂ ಬಂದಿರದ ಕಾಲ. ಬುನ್ಸೆನ್ ಬರ್ನರ್ ಉರಿಯಬೇಕೆಂದರೆ ಚಿಮಣಿ ಎಣ್ಣೆಯಿಂದಲೇ ಗ್ಯಾಸು ಮಾಡಿಕೊಳ್ಳಬೇಕು. ಗ್ಯಾಸಿನ ಮಾಮಾ ನಸುಕಿನಲ್ಲೇ ಬಂದು ಕಬ್ಬಿಣದ ರಿಟಾರ್ಟು ಕೆಂಪಗೆ ಕಾಯುವ ತನಕ ಉರಿ ಕೊಟ್ಟು, ಮೇಲಿನ ನಳಿಗೆಯಿಂದ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತಿದ್ದರು. "ದೂರ ನಿಂದರ್ರೋ, ಮಾರಿ ಸುಟ್ಟೀತು" ಎಂದು ಗದರಿಸುತ್ತಲೇ ನಾವು ನೋಡಲೆಂದು ಒಂದಿಷ್ಟು ಪಕ್ಕಕ್ಕೂ ಸರಿಯುತ್ತಿದ್ದರು. ಎಣ್ಣೆ ಆ ಬೆಂಕಿಯಲ್ಲಿ ಒಡೆದು ಗ್ಯಾಸಾಗಿ, ನೀರಿನೊಳಗಿಂದ ಹಾಯ್ದು ತೊಳೆದುಕೊಂಡು, ತೊಟ್ಟಿಯಲ್ಲಿ ಬೋರಲಾಗಿ ತೇಲುತ್ತಿದ್ದ ದೊಡ್ಡ ಡ್ರಮ್ಮಿನೊಳಗೆ ಸೇರಿದಂತೆ, ಆ ಭಾರದ ಕಬ್ಬಿಣ ಯಾರ ಕೈಯೂ ಸೋಕದೆ ಇಂಚಿಂಚಾಗಿ ಮೇಲಕ್ಕೇಳುತ್ತಿತ್ತು, ಅದರ ಮೈಗೆ ಬಿಳಿ ಬಣ್ಣದಲ್ಲಿ ಎಳೆದ ಗೆರೆಗಳು ಒಂದೊಂದಾಗಿ ನೀರಿನಿಂದ ಹೊರಬರುತ್ತಿದ್ದವು. ಸಂಜೆ ಸಾಲಿಯಿಂದ ಬಂದು ನೋಡಿದರೆ ಡ್ರಮ್ಮು ಕುಸಿದು ಕೂತಿರುತ್ತಿತ್ತು. ಎಷ್ಟು ಗೆರೆ ಮುಳುಗಿವೆ ಎನ್ನುವುದರ ಮೇಲೆ ಇವತ್ತು ಎಷ್ಟು ಬ್ಯಾಚಿನ ಪ್ರಾಕ್ಟಿಕಲ್ ನಡೆಯಿತೆಂದು ಪ್ರಾಧ್ಯಾಪಕರಿಗಿಂತ ಮೊದಲು ನಾವೇ ಹೇಳುತ್ತಿದ್ದೆವು. ಮಾಮಾನ ಅಂಗಿಗೆ ಹತ್ತಿದ ಆ ಕಮಟು ವಾಸನೆ ಎಷ್ಟು ಒಗೆದರೂ ಹೋಗದೆ, ಮಾಮಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಹೊರಗಿನ ಗೂಟಕ್ಕೇ ಸಿಗಿಸುತ್ತಿದ್ದರು.

ಮುಂಗಾರು ಹಿಡಿಯಿತೆಂದರೆ ಝುವಾಲಜಿಯವರಿಗೆ ಕಪ್ಪೆ ಬೇಕು. ಕಂದೀಲು, ಗೋಣಿಚೀಲ ಹಿಡಿದು, ಜಿಟಿಜಿಟಿ ಮಳೆಯಲ್ಲಿ ಗೊಪ್ಪೆ ಹೊದ್ದು ಕೆರೆಯ ಕೆಳಗಿನ ಗದ್ದೆಗಳಿಗೆ ದೊಡ್ಡ ಹುಡುಗರು ಹೋಗುತ್ತಿದ್ದರು, ಬೆಳಕಿಗೆ ಕಣ್ಣು ಕುಕ್ಕಿ ಕೂತ ಗೂಂಕರು ಕಪ್ಪೆಗಳನ್ನು ಗಬಕ್ಕನೆ ಹಿಡಿದು ತರುತ್ತಿದ್ದರು, ಹಮಾಲ ಕಾಕಾ ಎಣಿಸಿ ಪೈಸೆ ಕೊಡುತ್ತಿದ್ದರು, ಆ ಪೈಸೆ ಮರುದಿನವೇ ಚುರಮರಿ, ಮಿರ್ಚಿಯಾಗುತ್ತಿತ್ತು. ಫಾರ್ಮಾಲಿನ್ ವಾಸನೆಗೆ ಕಣ್ಣಲ್ಲಿ ನೀರಾಡಿಸಿಕೊಂಡೇ ಅಲಮಾರಿಯ ಬಾಟಲಿಗಳಲ್ಲಿದ್ದ ಹಾವು, ಚೇಳುಗಳಿಗೆಲ್ಲ ಹೆಸರಿಟ್ಟಿದ್ದವರು ನಮ್ಮ ತಂಗಿಯಂದಿರು.

ಪರೀಕ್ಷೆ ಬಂದರೆ ಚಾಳಿಗೆ ಚಾಳೇ ದನಿ ತಗ್ಗಿಸುತ್ತಿತ್ತು. ಅವ್ವ ಮೈದಾ ಕುದಿಸಿ ಅಂಟು ಮಾಡಿಕೊಡುವಳು, ಅಣ್ಣಂದಿರು ಬೆಂಚುಗಳಿಗೆ ನಂಬರಿನ ಚೀಟಿ ಹಚ್ಚುವರು, ಅಪ್ಪ ಗಂಟೆಯ ಮೇಲೆ ಗಂಟೆ ಮಣ್ಣಿನ ಗಡಿಗೆಯಿಂದ ನೀರು ಕೊಡುತ್ತ ಹಾಲ್ ಸುತ್ತುವನು. ಸಂಜೆಗೆ ಉತ್ತರಪತ್ರಿಕೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಸುತಳಿ ಬಿಗಿದು, ಅರಗು ಕರಗಿಸಿ ಮುದ್ರೆ ಒತ್ತುವಾಗ ಅದರ ಸಿಹಿ ಕಮರು ಕೋಣೆ ತುಂಬುತ್ತಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆಗುವ ತನಕ ಬೀದರದಿಂದ ಕಾರವಾರದ ತನಕದ ಕಾಲೇಜುಗಳಿಗೆಲ್ಲ ಛೋಟಾ ಮಹಾಬಳೇಶ್ವರದ ಗುಡ್ಡವೇ ಗತಿ. ಅಷ್ಟು ದೂರದವರೂ ಕಳಿಸುವ ಗಂಟುಗಳ ನಡುವೆ ನಮ್ಮ ಅಪ್ಪ ಕಟ್ಟಿದ ಗಂಟು ಯಾವುದೆಂದು ಸುತಳಿಯ ಗಂಟು ನೋಡಿದರೆ ಗೊತ್ತಾಗುತ್ತದೆಂದು ನಾವು ಪಂಥ ಕಟ್ಟುತ್ತಿದ್ದೆವು. ಪರೀಕ್ಷೆ ಮುಗಿದ ಮೇ ತಿಂಗಳಲ್ಲಿ ಸುಣ್ಣದ ಬಾನಿ ಕುದಿಯುವುದು, ಹಂಚು ತಿರುವಿ ಹಾಕುವುದು, ಕರಿಹಲಗೆಗಳಿಗೆ ಹೊಸ ಮಸಿ, ಬೆತ್ತ ಹರಿದ ಖುರ್ಚಿಗಳೆಲ್ಲ ಮರದಡಿ ಬಂದು ಹೆಣೆಯುವವನ ಮುಂದೆ ಕೂರುವುದು.

ಮಾನೌಮಿಯ ಖಂಡೇಪೂಜೆಗೆ ಪಂಪಿಗೆ, ಗ್ಯಾಸಿನ ಡ್ರಮ್ಮಿಗೆ, ಸೈಕ್ಲೋಸ್ಟೈಲ್ ಮಶೀನಿಗೆ, ಅಜ್ಜನ ಕುಡಗೋಲಿಗೆ, ಅಪ್ಪನ ಚಾವಿಗೊಂಚಲಿಗೆ ವಿಭೂತಿ, ಕುಂಕುಮ, ಚೆಂಡುಹೂ. ಮರುದಿನ ಪ್ರಿನ್ಸಿಪಾಲ ಸಾಹೇಬರೇ ಚಾಳಿಗೆ ಬಂದು "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎಂದು ಅಪ್ಪನ ಕೈಗೆ ಬನ್ನಿ ಇಟ್ಟಾಗ, ವರ್ಷವೆಲ್ಲ ಅವರೆದುರು ಕೂತು ಗೊತ್ತಿಲ್ಲದ ಅಪ್ಪ ಅವರನ್ನು ನಮ್ಮ ಹಾಸಿಗೆಯ ಜಮಖಾನೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದ.

ಚಾಳು ಕೆಡವಿದ ಜಾಗದಲ್ಲಿ ಈಗ ಬೈಕು ನಿಲ್ಲಿಸುತ್ತಾರೆ. ನೀರಿಗೆ ಬೋರ್‌ವೆಲ್, ಗಂಟೆಗೆ ಕರೆಂಟಿನ ಬೆಲ್ಲು, ಕಸಕ್ಕೆ ಗುತ್ತಿಗೆಯವರು. ಅವರ ಮಕ್ಕಳು ಎಲ್ಲಿ ಆಡುತ್ತಾರೋ. ನಾವು ಪುಣೆ, ಬೆಂಗಳೂರು, ಹುಬ್ಬಳ್ಳಿ ಎಂದು ಚದುರಿದ್ದೇವೆ. ಮಕ್ಕಳ ಅಡ್ಮಿಶನ್ನಿಗೆ ಯಾವ ಕಾಲೇಜಿಗೆ ಹೋದರೂ ಬೇರೆ ಪಾಲಕರು ಫೀಸು, ಪ್ಲೇಸ್‌ಮೆಂಟು ಕೇಳುತ್ತಿದ್ದರೆ, ನಮ್ಮ ಕಾಲು ತಾನಾಗಿ ಹಿಂದಿನ ನಳದ ಕಡೆ ಹೋಗುತ್ತದೆ, ಯಾರೂ ಇಲ್ಲದ ಕ್ಲಾಸಿನ ಫ್ಯಾನು ಬಂದ್ ಮಾಡಿ ಬರುತ್ತೇವೆ. ಸಮವಸ್ತ್ರದ ಸೆಕ್ಯೂರಿಟಿ ಹುಡುಗ ಓಡಿಬಂದು, "ಯಾರು ಬೇಕಾಗಿತ್ರೀ ಸರ್?" ಎಂದು ಕೇಳುತ್ತಾನೆ. ಯಾರ ಹೆಸರು ಹೇಳುವುದು ಅವನಿಗೆ?